ಕಣ್ಣು ಬಿಟ್ಟ ರಾವುತ

ನಾವು ಸಣ್ಣವರಿದ್ದಾಗ ಹುಲಿಗೆ ಹೆದರಿದಷ್ಟು ಪೊಲೀಸರಿಗೂ ಹೆದರುತ್ತಿರಲಿಲ್ಲ. ಕವಲೇದುರ್ಗದ ಕೆಳಗಿನ ನಮ್ಮೂರಲ್ಲಿ ಕಾಡಿಗೆ ಹೋದ ದನ ಸಂಜೆಗೆ ಬಂದರೆ ಬಂತು. ಅದಕ್ಕೇ ದೀಪಾವಳಿಗೆ ಮನೆಗೊಂದರಂತೆ ಮಣ್ಣಿನ ರಾವುತನನ್ನು ಭೂತಪ್ಪನ ಬನಕ್ಕೆ ಒಪ್ಪಿಸುತ್ತಿದ್ದರು. ಕುದುರೆ ಮೇಲೆ ಕೂತ, ತಲೆಗೆ ರುಮಾಲು ಸುತ್ತಿದ, ಈಟಿ ಹಿಡಿದ ಗೇಣುದ್ದದ ಸವಾರ. ಕೋಟೆಯ ದಂಡಿನವರು ಸತ್ತ ಮೇಲೂ ದನ ಕಾಯುತ್ತಾರೆ ಅಂತ ನಂಬಿಕೆ.

ಈಗ ನಾನು ಅಂಥದೇ ರಾವುತರನ್ನು ಮಾಡಿ ಸಾಗರದ ಅಂಗಡಿಗೆ ಕೊಡುತ್ತೇನೆ. ಜನ ಟೀವಿ ಪಕ್ಕ ಚಂದಕ್ಕೆ ಇಟ್ಟುಕೊಳ್ಳುತ್ತಾರೆ. "ಎಲ್ಲಿ ಕಲಿತ್ರಿ ಅಜ್ಜಿ?" ಅಂದರೆ, "ಸಣ್ಣವಳಿದ್ದಾಗ ನೋಡಿದ್ದು" ಅನ್ನುತ್ತೇನೆ. ಅದು ಅರ್ಧ ಸುಳ್ಳು.

ಕಲಿಸಿದವಳು ಕುಂಬಾರರ ಗಂಗಕ್ಕ. ಗಂಡ ಸತ್ತಿದ್ದ. ಒಬ್ಬ ಮಗಳು, ಎರಡು ಎಮ್ಮೆ. ಊರಿನ ರಾವುತರನ್ನೆಲ್ಲ ಮಾಡುವವಳು ಅವಳೊಬ್ಬಳೇ. ನನಗೆ ಎಂಟೋ ಒಂಬತ್ತೋ. ಆ ವರ್ಷ ಮಳೆ ಬಿಟ್ಟ ಮೇಲೆ ಶಾಲೆ ತಪ್ಪಿಸಿ ಅವಳ ಚಪ್ಪರದಲ್ಲೇ ಬಿದ್ದಿರುತ್ತಿದ್ದೆ. ಕೆರೆ ಮಣ್ಣಿನ ವಾಸನೆ, ಮಡಕೆ ಸುಡುವ ಆವಿಗೆಯ ಹೊಗೆ, ಬೂದಿಯಲ್ಲಿ ಸುಟ್ಟ ಗೆಣಸು. ನಾನು ಮಾಡಿದ್ದನ್ನು ನೋಡಿ ಅವಳು, "ಇದೆಂಥದೇ, ಕುದುರೆಯಾ ಹಂದಿಯಾ? ಕುತ್ತಿಗೆ ಎತ್ತೇ ಮಾರಾಯ್ತಿ, ನಿಂಗಿರೋ ಸೊಕ್ಕು ಅದಕ್ಕೂ ಸ್ವಲ್ಪ ಬರ್ಲಿ" ಅನ್ನುತ್ತಿದ್ದಳು.

ಸುಟ್ಟ ರಾವುತರಿಗೆ ಸುಣ್ಣ, ಕೆಮ್ಮಣ್ಣು ಬಳಿದರೂ ಕಣ್ಣು ಮಾತ್ರ ಬರೆಯುವಂತಿಲ್ಲ. ಕಣ್ಣು ಬಿಡಿಸುವುದು ಬನದಲ್ಲೇ, ಆಯಾ ಮನೆಯ ಹಿರಿಯರು, ಕಾಡಿಗೆಯಲ್ಲಿ. ಕಣ್ಣು ಬಿಟ್ಟೊಡನೆ ಯಾರ ಮುಖ ಕಾಣುತ್ತದೋ ಅವರ ಕೊಟ್ಟಿಗೆಯನ್ನು ರಾವುತ ಕಾಯುತ್ತಾನೆ. ಇದು ನನಗೂ ಗೊತ್ತಿತ್ತು.

ಹಬ್ಬದ ಹಿಂದಿನ ದಿನ ಗಂಗಕ್ಕ ನೀರಿಗೆ ಹೋಗಿದ್ದಳು. ಒಂದು ಕುದುರೆಯ ಕುತ್ತಿಗೆ ನಾನೇ ಎತ್ತಿದ್ದು. ಅದರ ಸವಾರ ಚಂದ ಕಾಣಲಿ ಅಂತ ನನ್ನ ಕಣ್ಣಿನ ಕಾಡಿಗೆಯನ್ನೇ ಬೆರಳಿಗೆ ತೆಗೆದು ಎರಡು ಬೊಟ್ಟು ಇಟ್ಟೆ. ಆಮೇಲೆ ಹೆದರಿ ಒರೆಸಿದರೆ ಸುಣ್ಣದ ಮೇಲೆ ಹರಡಿತು. ಬುಟ್ಟಿಯ ತಳಕ್ಕೆ ತುರುಕಿ ಮನೆಗೆ ಓಡಿದೆ.

ಮರುದಿನ ಬನದಲ್ಲಿ ಆ ರಾವುತ ಬಂದಿದ್ದು ನಮ್ಮ ಅಪ್ಪಯ್ಯನ ಕೈಗೇ. ಒಂದು ತಿಂಗಳ ಹಿಂದೆ ನಮ್ಮ ಕೆಂಪಿ ಹಸುವನ್ನು ಹುಲಿ ಹಿಡಿದಿತ್ತು. ಅಪ್ಪಯ್ಯ ಗಂಗಕ್ಕನ ಮೇಲೆ ಹರಿಹಾಯ್ದ.

"ನಮ್ಮ ಕೆಂಪೀನ ಹುಲಿ ಹೊತ್ಕಂಡು ಹೋಯ್ತು, ನಿನ್ನ ಎಮ್ಮೆಗೆ ಒಂದು ಗೀರೂ ಬಿದ್ದಿಲ್ಲ. ಈಗ ಗೊತ್ತಾಯ್ತು! ವರ್ಷಾ ವರ್ಷಾ ಮನೇಲೇ ಕಣ್ಣು ಬಿಡ್ಸಿ ಊರ ರಾವುತನ್ನ ನಿನ್ನ ಕಾವಲಿಗೆ ಇಟ್ಕಂಡಿದೀಯ."

"ನಾನಲ್ಲ ಗೌಡ್ರೇ, ಭೂತಪ್ಪನಾಣೆ."

"ಮತ್ತೆ ರಾವುತ ತಾನೇ ಕಣ್ಣು ಬಿಟ್ನಾ?"

ಜನ ನಕ್ಕರು. ಗಂಗಕ್ಕ ಹರಡಿದ ಕಾಡಿಗೆಯಲ್ಲಿ ಬೆರಳಿನ ಗುರುತುಗಳನ್ನು ನೋಡಿದಳು. ಅವು ಸಣ್ಣ ಬೆರಳಿನವು. ನನ್ನ ಕಡೆ ತಿರುಗಿದಳು. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. "ಯಾರೋ ಏನೋ" ಅಂದಳು ಗಂಗಕ್ಕ, ಅಷ್ಟೇ.

ನಿಜ ನೋಡಿದರೆ ಆ ರಾವುತ ಮೊದಲು ಕಂಡಿದ್ದು ನನ್ನ ಮುಖ, ಅಂದರೆ ಅವನು ಕಾಯಬೇಕಾದ್ದು ನಮ್ಮ ಕೊಟ್ಟಿಗೆಯನ್ನೇ. ಹೇಳಿದ್ದರೆ ಅಪ್ಪಯ್ಯ ಬೆನ್ನಿಗೆ ನಾಲ್ಕು ಬಾರಿಸುತ್ತಿದ್ದ, ಎರಡು ದಿನದಲ್ಲಿ ಮಾಯುತ್ತಿತ್ತು. ಹೇಳಲಿಲ್ಲ. ಮನೆಗೆ ಬಂದು ಕಡುಬು ತಿಂದೆ. ಹೊಟ್ಟೆ ತುಂಬ ತಿಂದೆ.

ಮರುವರ್ಷ ಊರವರು ಗಂಗಕ್ಕನನ್ನು ಬಿಟ್ಟು ತೀರ್ಥಹಳ್ಳಿಯಿಂದ ರಾವುತರನ್ನು ತರಿಸಿದರು. ಗಂಗಕ್ಕ ಎಮ್ಮೆ ಮಾರಿ, ಮಗಳನ್ನು ಕರೆದುಕೊಂಡು ಹೊಸನಗರದ ಕಡೆ ಅಣ್ಣನ ಮನೆಗೆ ಹೋದಳು. ನಮ್ಮ ಮನೆ ಮುಂದೆಯೇ ಹೋದಳು. ನಾನು ಕೊಟ್ಟಿಗೆಯಲ್ಲಿ ಅಡಗಿದ್ದೆ. ಅಪ್ಪಯ್ಯ ಸಾಯುವ ತನಕ ಅವಳನ್ನು ಕಳ್ಳಿ ಅಂತಲೇ ಕರೆದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು ಮನೆಗೆ ಒಬ್ಬಳು ಬಂದಳು, ಹೊಸನಗರದಲ್ಲಿ ಟೀಚರ್ ಅಂತೆ. ಶಾಲೆಗೆ ಎರಡು ರಾವುತ ಬೇಕಿತ್ತು. ಮಾತಿಗೆ ಮಾತು ಬಂದು ಮನೆತನ ಕೇಳಿದರೆ, ಗಂಗಕ್ಕನ ಮಗಳ ಮಗಳು! ಕೂರಿಸಿಕೊಂಡು ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳೋಣ ಅಂತಲೇ ಹೇಳಿದ್ದು.

ಅವಳು ನಕ್ಕಳು. "ನೀವು ಬೇರೆ ಯಾರನ್ನೋ ಹೇಳ್ತಿದೀರ ಅಜ್ಜಿ. ನಮ್ಮಜ್ಜಿಗೆ ಇದೆಲ್ಲ ಬರ್ತಾ ಇರ್ಲಿಲ್ಲ. ಒಲೆ ಮೆತ್ತೋಕೂ ನಮ್ಮಮ್ಮನ್ನೇ ಕರೀತಿದ್ರು, 'ನನ್ನ ಕೈಗೆ ಮಣ್ಣು ಆಗಲ್ಲ' ಅಂತ."

ಗಂಗಕ್ಕನ ಕೈಯ ರಾವುತ ಈಗ ಬನದಲ್ಲೂ ಒಂದು ಉಳಿದಿಲ್ಲ. ಅವಳಿಗೆ ಬರುತ್ತಿತ್ತು ಅಂತ ಹೇಳಲು ಉಳಿದವಳು ನಾನೊಬ್ಬಳು. ನನ್ನ ಮಾತನ್ನು ಅವಳ ಮೊಮ್ಮಗಳೇ ನಂಬಲಿಲ್ಲ.