ಸಾಲಿಗೆ ನಿಂತ ಏಳು ಹೆಸರು

“ಹೋದ ವರ್ಷ ನನ್ನ ಹೆಸರು ಇತ್ತಲ್ರೀ, ಈಗ ಎಲ್ಲಿ ಹೋತು?”

ಸಿಂಧನೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿರುವ ನನ್ನೆದುರು ಮುಕ್ಕುಂದದ ದುರುಗಮ್ಮ ರೇಷನ್ ಕಾರ್ಡ್ ಹಿಡಿದು ನಿಂತಿದ್ದರು. ಪಡಿತರದಾರರ ಹಳೆಯ ಪಟ್ಟಿಯಲ್ಲೂ ಹೊಸದರಲ್ಲೂ ಲಕ್ಷಗಟ್ಟಲೆ ಸಾಲುಗಳು. ಕಪ್ಪು ಪರದೆಯಲ್ಲಿ ಎರಡನ್ನೂ ಹೋಲಿಸುವ ಕಮಾಂಡ್ ಕೊಟ್ಟೆ. ಎಲ್ಲ ಹೆಸರೂ ಬೇರೆ ಎಂದು ಪರದೆ ತುಂಬ ಸಾಲುಗಳು ಸುರಿಯತೊಡಗಿದವು.

“ಎರಡರಾಗೂ ಹೆಸರು ಹಿಂದಮುಂದ ಅದಾವ್ರಿ,” ಎಂದೆ.

ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಆಕೆ. “ಎಣಸಾಕ ಮೊದ್ಲ ನಾ ಎಲ್ಲಾರನ್ನೂ ಸಾಲಿಗೆ ನಿಂದ್ರಸ್ತೀನಿ. ನೀವೂ ನಿಂದ್ರಸ್ರಿ!” ಎಂದರು.

ಎರಡೂ ಪಟ್ಟಿಗಳನ್ನು ಅಕ್ಷರಕ್ರಮಕ್ಕೆ ತಂದು ಮತ್ತೆ ಹೋಲಿಸಿದೆ. ಬಿಟ್ಟುಹೋದದ್ದು ಏಳೇ ಹೆಸರು, ಎಲ್ಲರೂ ಮುಕ್ಕುಂದದವರು. ಮೂರನೆಯದು ದುರುಗಮ್ಮ!

ಮರುದಿನ ಹೆಸರು ಮತ್ತೆ ಸೇರಿಸಲು ಆ ಏಳೂ ಮಂದಿ ನನ್ನ ಕಿಟಕಿಯೆದುರು ಸಾಲಾಗಿ ನಿಂತಿದ್ದರು. ಮುಂದೆ ಮೇಸ್ತ್ರಿ. ಕುರ್ಚಿಯಲ್ಲಿ ಕೂರಲಾಗದೆ ನಾನೂ ಎದ್ದು ನಿಂತೆ.