ಒತ್ತಿಗೆ ಜಾಗ

ಫೋನಿನ ಪರದೆಯ ಮೇಲೆ ಚಿತ್ರ, ಬಣ್ಣ, ಅಕ್ಷರ ಜೋಡಿಸುವುದು ನನ್ನ ಕೆಲಸ. ಅದನ್ನು ಅಪ್ಪ ಕೆಲಸವೆಂದು ಒಪ್ಪಿರಲಿಲ್ಲ. ಅವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕುವವರು. "ಬಣ್ಣ ಬಳಿಯೋದಕ್ಕೂ ಒಂದು ಆಫೀಸಾ?" ಎನ್ನುತ್ತಿದ್ದರು. ಕೊನೆಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಆರು ತಿಂಗಳ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆದರೆ ಸರಿ. ಇಲ್ಲದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದಬೇಕು. ಪುಸ್ತಕಗಳನ್ನು ಅವರು ಆಗಲೇ ತಂದು ಟಿವಿ ಪಕ್ಕದಲ್ಲಿ ಪೇರಿಸಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆರನೆಯ ತಿಂಗಳಲ್ಲಿ, ಮಕ್ಕಳು ಕತೆ ಓದುವ ಒಂದು ಆ್ಯಪ್‌ಗೆ ಕನ್ನಡದ ಪುಟಗಳನ್ನು ಮಾಡಿದೆ. ನಮ್ಮ ಟೀಮ್ ಲೀಡ್‌ಗೆ ಕನ್ನಡ ಓದಲು ಬಾರದು. ಅವರು ನೋಡಿ ಚೆನ್ನಾಗಿದೆ ಎಂದರು. ಆ್ಯಪ್ ಮಾಡಿಸಿದವರೂ ಮೊದಲ ಪುಟ ನೋಡಿ ಒಪ್ಪಿಬಿಟ್ಟರು. ಸೋಮವಾರ ಅದು ಮಕ್ಕಳ ಕೈಗೆ ಹೋಗಬೇಕಿತ್ತು. ನನ್ನ ಕೆಲಸ ಕಾಯಂ ಆಗುವ ಮಾತೂ ಅದೇ ವಾರ ಇತ್ತು.

ಭಾನುವಾರ, ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಮುಂದೆ ಜಂಬದಿಂದ ಫೋನು ಹಿಡಿದೆ. ಅಮ್ಮ ಗಟ್ಟಿಯಾಗಿ ಓದಿದರು: "ಕತೆಯ ಕತೆ." ಆಮೇಲೆ ಕೆಳಗಿನ ಚಿತ್ರ ನೋಡಿ, "ಅಲ್ಲ ಕಣೇ, ಕತೆಗೂ ಒಂದು ಕತೆಯಾ? ಇರ್ಲಿ ಬುಡು. ಈ ಕತ್ತೆ ಯಾಕೆ ನಿಂತದೆ ಇಲ್ಲಿ?" ಎಂದರು.

ಫೋನು ನನ್ನ ಕಡೆ ತಿರುಗಿಸಿ ನೋಡಿದೆ. ಅದು 'ಕತ್ತೆಯ ಕತೆ'. ಇಂಗ್ಲಿಷ್ ಹೆಸರುಗಳ ಎತ್ತರಕ್ಕೆ ಅಳೆದು ಮಾಡಿದ್ದ ಬಣ್ಣದ ಪಟ್ಟಿಯೊಳಗೇ ನಾನು ಕನ್ನಡ ತುಂಬಿಸಿದ್ದೆ. ಕೆಳಗೆ ಜಾಗ ಸಾಲದೆ ಒತ್ತಕ್ಷರ ಕತ್ತರಿಸಿಹೋಗಿತ್ತು. ಮೊದಲ ಪುಟದ ಕತೆಯ ಹೆಸರು 'ಆನೆಯ ಜಂಬ'. ಅದರಲ್ಲಿ ಒತ್ತೇ ಇಲ್ಲ. ಉಳಿದ ಪುಟಗಳಲ್ಲಿ ಬಣ್ಣ ಹೊಂದಿತೇ ಎಂದು ನೋಡಿದ್ದೆ, ಓದಿರಲಿಲ್ಲ. ಒಂದನೇ ತರಗತಿಯ ಮೇಷ್ಟ್ರು ಕಾಪಿ ಪುಸ್ತಕದ ಮೇಲೆ ಬೆರಳಿಟ್ಟು, "ಒತ್ತಿಗೆ ಜಾಗ ಬಿಡಮ್ಮ" ಎನ್ನುತ್ತಿದ್ದುದು ನೆನಪಾಗಿ ನಾಚಿಕೆಯಾಯಿತು. ಕಸ್ತೂರಿಯ ಪರಿಮಳ ತಿಳಿಯದವರು ಯಾರೆಂಬುದೂ ಗೊತ್ತಾಯಿತು.

ಸುಮ್ಮನಿರಬಹುದಿತ್ತು. ಆಫೀಸಿನಲ್ಲಿ ಅದನ್ನು ಕಂಡುಹಿಡಿಯುವವರಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂಬ ಭಯವೂ ಇತ್ತು. ಆದರೆ ಈಗಷ್ಟೇ ಓದು ಕಲಿಯುವ ಮಗು ಅದನ್ನೇ ಸರಿ ಎಂದುಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಾದು, ಟೀಮ್ ಲೀಡ್ ಬಂದೊಡನೆ ಹೇಳಿದೆ. ಪ್ರತಿ ಪುಟವನ್ನೂ ಹೊಸದಾಗಿ ಅಳೆಯಬೇಕಾಯಿತು. ಆ್ಯಪ್ ಹತ್ತು ದಿನ ತಡವಾಯಿತು. ನನ್ನ ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು.

ಒಪ್ಪಂದದ ಪ್ರಕಾರ ನಾನು ಸೋತಿದ್ದೆ. ಆ ಸುದ್ದಿ ಬಂದ ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಳೆಯ ಪುಟವನ್ನೂ ತಿದ್ದಿದ ಪುಟವನ್ನೂ ಒಂದಾದ ಮೇಲೊಂದು ನೋಡಿದರು. ಬಹಳ ಹೊತ್ತು ನೋಡಿದರು.

"ನೀನಾಗೇ ಹೋಗಿ ಹೇಳ್ದ್ಯಾ?"

"ಹೂಂ ಅಪ್ಪ."

"ನಾನಾಗಿದ್ರೂ ಇದನ್ನ ರಿಜೆಕ್ಟ್ ಮಾಡ್ತಿದ್ದೆ ಕಣಮ್ಮ," ಎಂದರು. ಆಮೇಲೆ ಎದ್ದು, ಟಿವಿ ಪಕ್ಕದ ಪುಸ್ತಕಗಳನ್ನು ಎತ್ತಿಕೊಂಡು ಹೋಗಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಎದುರು ಮನೆಯ ಹುಡುಗಿಗೆ ಕೊಟ್ಟು ಬಂದರು.