ಬೊಂಬಾಯಿಗೆ ಹೋಗಿಬಂದ ಕಿಲುಬು ಕಾಸು

ಬೆಂಗಳೂರು ಬಿಟ್ಟ ರೈಲು ಒಂದು ಹಗಲು ಒಂದು ರಾತ್ರಿ ಓಡಿ, ಎರಡು ಗಂಟೆ ತಡವಾಗಿ ದಾದರ್ ತಲುಪಿತು. ನನ್ನ ಬಳಿ ಇದ್ದದ್ದು ಬಟ್ಟೆಯ ಒಂದು ಚೀಲ, ಬೊಂಬಾಯಿಯ ಅಕ್ಕನಿಗೆಂದು ಹೆಂಡತಿ ಕಟ್ಟಿಕೊಟ್ಟ ಚಟ್ನಿಪುಡಿ, ಮತ್ತು ಒಳಜೇಬಿನಲ್ಲಿ ಪಿನ್ನು ಚುಚ್ಚಿ ಭದ್ರ ಮಾಡಿದ್ದ ಒಂದು ಹಸಿರು ಕಾಸು. ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಚಾಮರಾಜನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಬೇಸಿಗೆ ರಜೆ. ಆ ಕಾಸು ಯಾವ ಕಾಲದ್ದು ಎಂದು ತಿಳಿದವರಿಂದ ಬರೆಸಿಕೊಂಡು ಬರಲು ಹೊರಟಿದ್ದೆ.

ಕಾಸು ಸಿಕ್ಕಿದ್ದು ಹೆಂಡತಿ ಶಾರದೆಗೆ. ಅಡುಗೆಮನೆಯ ಗೋಡೆಯ ಪಕ್ಕದಲ್ಲಿ ಕೆಸುವಿನ ಗೆಡ್ಡೆ ಅಗೆಯುವಾಗ ಮೊಳ ಆಳದಲ್ಲಿ ಸಿಕ್ಕಿತ್ತು. ಉಗುರಿನಷ್ಟಗಲ, ಮೈತುಂಬ ಕಿಲುಬು. ರೋಮಿನವರು ನಮ್ಮ ದಕ್ಷಿಣದೊಂದಿಗೆ ವ್ಯಾಪಾರ ಮಾಡುತ್ತಿದ್ದರೆಂದು ವರ್ಷವರ್ಷವೂ ಮಕ್ಕಳಿಗೆ ಹೇಳುವ ನಾನು, ಬಾಯಿ ತಡೆಯದೆ, "ಇದು ರೋಮಿನ ನಾಣ್ಯ ಇದ್ದರೂ ಇರಬಹುದು" ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಅದೇ ಮನೆಯ ಮುಂದಿನ ಪಾಲಿನಲ್ಲಿರುವ ನನ್ನ ಅಣ್ಣ ಮರುದಿನವೇ ಗುದ್ದಲಿ ಹಾರೆ ತಂದು ಅಂಗಳದಲ್ಲಿ ಇಟ್ಟ. ಅಡುಗೆಮನೆಯ ಕೆಳಗೆ ನಿಧಿ ಇದೆ, ಗೋಡೆ ಕೆಡವಿ ನೋಡೋಣ ಎಂದು ಅವನ ವಾದ. ಮನೆಗೆ ಹಿರಿಯ ಅವನು, ಅವನ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಮೊದಲು ಬೊಂಬಾಯಿಯಲ್ಲಿ ತಿಳಿದವರಿಗೆ ತೋರಿಸಿ ಬರುತ್ತೇನೆ ಎಂದಷ್ಟೇ ಹೇಳಿದೆ. "ಸರಿ, ಬೊಂಬಾಯಿಯವರು ಹಳೇದಲ್ಲ ಅಂತ ಬರ್ಕೊಟ್ರೆ ಬಿಡ್ತೀನಿ. ಹಳೇದು ಅಂದ್ರೆ ಅಗೆಸೋದೇ" ಎಂದ.

ಹೊರಡುವ ದಿನ ಶಾರದೆ, "ರೀ, ಏನೂ ಅಲ್ಲ ಅಂತ ಬರೆಸ್ಕೊಂಡು ಬನ್ನಿ" ಎಂದಳು. ಹದಿನಾಲ್ಕು ವರ್ಷ ಹೊಗೆ ಕುಡಿದು, ಹೋದ ವರ್ಷವಷ್ಟೇ ಹಟ ಹಿಡಿದು ಹೊಗೆಯಿಲ್ಲದ ಒಲೆ ಹಾಕಿಸಿಕೊಂಡಿದ್ದಳು. ನನಗೋ, ಅದು ರೋಮಿನದೇ ಆಗಿರಲಿ ಎಂದು ಒಳಗೊಳಗೇ ಆಸೆ. ರೋಮಿನದಾದರೆ ಒಲೆ ಹೋಗುತ್ತದೆ, ಅಲ್ಲದಿದ್ದರೆ ನನ್ನ ಮಾತು ಹೋಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆಯೇ ರೈಲು ಹತ್ತಿದ್ದೆ.

ಭಾವ ಕಂಪನಿಯಲ್ಲಿ ರಜೆ ಸಿಗದೆ ದಾದರಿಗೆ ಬರಲಾಗುವುದಿಲ್ಲವೆಂದು ಮೊದಲೇ ಕಾಗದ ಬರೆದಿದ್ದರು. ಸ್ಟೇಷನ್ ಹೊರಗಿನ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿಂದು ದಾರಿ ಕೇಳಿಕೊಳ್ಳಲು ಸೂಚಿಸಿದ್ದರು. ಇಡ್ಲಿ ಚೆನ್ನಾಗಿತ್ತು, ಸಾಂಬಾರಿಗೆ ಬೆಲ್ಲ ಹೆಚ್ಚಾಗಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರು ಕನ್ನಡ ಕೇಳಿ ಮುಖ ಅರಳಿಸಿದರು. ನಾನು ಕಾಸು ತೋರಿಸಿದೆ.

ಅವರು ತಿರುಗಿಸಿ ಮುರುಗಿಸಿ, "ಇದು ಟಿಪ್ಪುವಿನದ್ದು ಮಾರಾಯ್ರೆ. ಆನೆ ಕಾಣುದಿಲ್ವಾ ನಿಮಗೆ? ಇದಾ ಸೊಂಡಿಲು" ಎಂದರು.

ನಿಜವಾಗಿಯೂ ಸೊಂಡಿಲು ಕಂಡಂತಾಯಿತು. ಪಕ್ಕದ ಮೇಜಿನ ಮರಾಠಿಯವರೊಬ್ಬರು ಅದನ್ನು ಇಸಿದುಕೊಂಡು, ಶಿವಾಜಿ ಕಾಲದ ದುಡ್ಡು, ತಮ್ಮ ಅಜ್ಜಿಯ ಹತ್ತಿರ ಒಂದು ಡಬ್ಬಿ ತುಂಬ ಇತ್ತು ಎಂದರು. ಆಮೇಲೆ ನೋಡಿದರೆ ಆನೆಯೂ ಮಾಯವಾಗಿತ್ತು.

"ಸ್ಲೋ ಲೋಕಲ್ ಹಿಡೀರಿ ಮಾಷ್ಟ್ರೆ, ವಿರಾರ್ ಫಾಸ್ಟ್ ಹತ್ತಬೇಡಿ" ಎಂದು ಯಜಮಾನರು ಎರಡು ಸಲ ಹೇಳಿದ್ದರು. ನಾನು ವಿರಾರ್ ಫಾಸ್ಟನ್ನೇ ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಜನ ನನ್ನನ್ನು ಹತ್ತಿಸಿದರು. ಒಂದು ಕೈಯಲ್ಲಿ ಚಟ್ನಿಪುಡಿ, ಇನ್ನೊಂದು ಕೈ ಒಳಜೇಬಿನ ಮೇಲೆ, ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ. ಅಕ್ಕನ ಮನೆಯಿರುವ ಕಾಂದಿವಲಿ, ಗಾಡಿ ನಿಲ್ಲದೆ, ಕಣ್ಣೆದುರೇ ಹಾದುಹೋಯಿತು. ಬೊರಿವಲಿಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಹಿಂದಕ್ಕೆ ಬಂದು ಅಕ್ಕನ ಬಿಲ್ಡಿಂಗ್ ಸೇರುವಾಗ ಅಂಗಿ ಹಿಂಡಿದರೆ ನೀರು ಬರುವಂತಿತ್ತು.

ಬುಧವಾರ ಬೆಳಿಗ್ಗೆ ಭಾವನೇ ನನ್ನನ್ನು ಸರಿಯಾದ ಗಾಡಿಗೆ ಹತ್ತಿಸಿದರು. ಚರ್ಚ್‌ಗೇಟಿನಲ್ಲಿ ಇಳಿದು, ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿದ ಮೇಲೆ, ಕೋಟೆ ಭಾಗದ ಒಂದು ವಸ್ತುಸಂಗ್ರಹಾಲಯ ಮುಟ್ಟಿದೆ. ನಾಣ್ಯ ನೋಡುವವರು ಐವತ್ತು ದಾಟಿದ ಒಬ್ಬ ಮರಾಠಿ ಹೆಂಗಸು, ಹತ್ತಿಸೀರೆ, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ಆಕೆಗೆ ಕನ್ನಡ ಬಾರದು, ನನ್ನ ಹಿಂದಿ ದೇವರಿಗೇ ಪ್ರೀತಿ, ಹಾಗಾಗಿ ಇಬ್ಬರೂ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದೆವು.

ಆಕೆ ಆನೆಯನ್ನೂ ಹುಡುಕಲಿಲ್ಲ, ಶಿವಾಜಿಯನ್ನೂ ಹುಡುಕಲಿಲ್ಲ. ಮೊದಲು ಕಾಸನ್ನು ತೂಗಿದರು. ಕಿಟಕಿಗೆ ಹೋಗಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. "ನೇರವಾಗಿ ನೋಡಿದರೆ ಯಾರು ಬೇಕಾದರೂ ಕಾಣುತ್ತಾರೆ. ಓರೆಯಾಗಿ ನೋಡಿ" ಎಂದು ನನ್ನ ಕೈಗೆ ಕೊಟ್ಟರು. ನೋಡಿದೆ. ಕಿಲುಬಿನೊಳಗಿಂದ ಒಂದು ಮೂಗು ಎದ್ದಿತು, ಆಮೇಲೆ ಗಲ್ಲ, ತಲೆಗೆ ಕಟ್ಟಿದ ಮಣಿಪಟ್ಟಿ. ಹಿಂಬದಿಯಲ್ಲಿ ನಿಂತಿದ್ದ ಮೂವರು, ಬದಿಯವರ ಕೈಯಲ್ಲಿ ಈಟಿ.

"ರೋಮಿನದು. ಕೊನೆಕೊನೆಯ ದೊರೆಗಳ ಕಾಲದ್ದು. ಅಕ್ಷರ ಸವೆದಿದೆ, ಯಾವ ದೊರೆ ಎನ್ನಲಾರೆ. ಅವುಗಳ ಚಿತ್ರವಿರುವ ನಮ್ಮ ಪುಸ್ತಕ ಬೈಂಡಿಂಗಿಗೆ ಹೋಗಿದೆ. ಶನಿವಾರ ಬನ್ನಿ, ಪಕ್ಕದಲ್ಲಿಟ್ಟು ನೋಡಿ ಬರೆದುಕೊಡುತ್ತೇನೆ" ಎಂದರು. ನಾನು ಬಾಗಿಲು ತಲುಪಿದಾಗ ಕೂಗಿ ಹೇಳಿದರು: "ತೊಳೆಯಬೇಡಿ. ಚಿತ್ರ ಇರುವುದೇ ಆ ಕಿಲುಬಿನಲ್ಲಿ."

ಆ ದಿನ ಗಾಡಿಯಲ್ಲಿ ಕೂರಲು ಜಾಗವೂ ಸಿಕ್ಕಿತು. ಇಡೀ ದಾರಿ ಹಿಗ್ಗಿದೆ. ಮಲಾಡ್ ಬರುವ ಹೊತ್ತಿಗೆ ಶಾರದೆಯ ಒಲೆ ನೆನಪಾಗಿ ಹಿಗ್ಗು ಇಳಿಯಿತು. ಆದರೂ ಮನೆಗೆ ಕಾಲಿಟ್ಟೊಡನೆ, ತಡೆಯಲಾರದ ಬಾಯಿ, ಅಕ್ಕನಿಗೆ ಹೇಳಿದೆ: "ಹಿಂದೆ ಮೂರು ಜನ ನಿಂತಿದ್ದಾರೆ ಅಕ್ಕಾ, ಕೈಯಲ್ಲಿ ಆಯುಧ!"

ಅಕ್ಕ ಕೆನ್ನೆ ಬಡಿದುಕೊಂಡಳು. "ರಾಮ, ಲಕ್ಷ್ಮಣ, ಮಧ್ಯೆ ಸೀತಮ್ಮ! ಪೂಜೆಗೆ ಇಡೋ ರಾಮಟಂಕೆ ಕಣೋ ನಾಗೂ ಅದು. ಜೇಬಲ್ಲಿ ಇಟ್ಕೊಂಡು ಆ ಲೋಕಲ್ಲಲ್ಲಿ ಓಡಾಡ್ತಿದ್ಯಲ್ಲೋ, ಕೊಡಿಲ್ಲಿ."

ರೋಮಿನದೆಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಜೇಬುಗಳ್ಳರ ಭಯ ನನಗೂ ಇತ್ತು, ಬೀರುವಿನಲ್ಲಿ ಇರಲಿ ಎಂದು ಕೊಟ್ಟೆ. ತೊಳೆಯಬಾರದು ಎನ್ನುವ ಮಾತನ್ನು ಸಂಜೆ ಭಾವನಿಗೆ ಹೇಳಿದೆ, ಅವರು ಪೇಪರ್ ಓದುತ್ತ "ಬರೋಬರ್" ಎಂದರು. ಅಕ್ಕನಿಗೆ ಹೇಳಬೇಕೆಂದು ನನಗೆ ತೋಚಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದೆ. ದೇವರ ಗೂಡಿನಲ್ಲಿ, ಲಕ್ಷ್ಮಿಯ ಪಟದ ಮುಂದೆ, ಬೆಳ್ಳಿಬಟ್ಟಲಿನ ಅಕ್ಕಿಯ ಮೇಲೆ ಏನೋ ಕೆಂಪಗೆ ಥಳಥಳಿಸುತ್ತಿತ್ತು. ಮೇಲೆ ಕುಂಕುಮ, ಒಂದು ಮಲ್ಲಿಗೆ. ಅದು ನನ್ನ ಕಾಸು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಎಷ್ಟು ಉಜ್ಜಿದೆ ಗೊತ್ತಾ? ಹುಣಸೆಹಣ್ಣು, ಉಪ್ಪು, ತೆಂಗಿನ ನಾರು" ಎಂದಳು ಅಕ್ಕ ಸಂತೋಷದಿಂದ. "ದೇವರ ಮುಂದೆ ಕಿಲುಬು ಹಿಡಿದದ್ದು ಇಡೋಕಾಗತ್ತಾ?"

ಕಿಟಕಿಗೆ ಹಿಡಿದು ಓರೆಯಾಗಿ ನೋಡಿದೆ, ಇನ್ನೂ ಓರೆಯಾಗಿ ನೋಡಿದೆ. ಮೂಗಿಲ್ಲ, ಮಣಿಪಟ್ಟಿ ಇಲ್ಲ, ಮೂವರಲ್ಲಿ ಒಬ್ಬರೂ ಇಲ್ಲ. ನುಣುಪಾದ ತಾಮ್ರದ ಬಿಲ್ಲೆ. ಅಳು ಬಂತು. ಅದರ ಬೆನ್ನಿಗೇ, ಒಲೆ ಉಳಿಯಿತು ಎಂಬ ನೆಮ್ಮದಿಯೂ ಬಂತು. ಯಾವುದು ಮೊದಲು ಬಂದದ್ದೆಂದು ಇವತ್ತಿಗೂ ಹೇಳಲಾರೆ. ನನ್ನ ಮುಖ ನೋಡಿ ಅಕ್ಕ ಹೆದರಿದಳು. "ಹಾಳು ಮಾಡಿಬಿಟ್ನೇನೋ?" ಎಂದಳು. ಇಲ್ಲ ಅಕ್ಕ, ಚೆನ್ನಾಗಿದೆ ಎಂದೆ.

ಶನಿವಾರ ಬೈಂಡಾಗಿ ಬಂದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಆಕೆ ಬಿಲ್ಲೆಯನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಪುಸ್ತಕ ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಬುಧವಾರ ನೋಡಿದ್ದನ್ನು ನಾನು ಮರೆತಿಲ್ಲ. ಆದರೆ ಇವತ್ತು ಕೈಯಲ್ಲಿ ಇರುವುದರ ಮೇಲೆ ಬರೆಯಬೇಕಲ್ಲ" ಎಂದು ಬರೆದುಕೊಟ್ಟರು: ತಾಮ್ರದ ದುಂಡು ತುಂಡು, ಗುರುತುಗಳಿಲ್ಲ, ಕಾಲ ಹೇಳಲಾಗದು.

ಅಲ್ಲಿಂದ ಮನೆಯವರೆಗಿನ ಪ್ರಯಾಣದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಅಕ್ಕ ಕಟ್ಟಿಕೊಟ್ಟ ಚಪಾತಿ ಗುಂತಕಲ್ಲಿನವರೆಗೆ ಬಂತು. ಊರು ಮುಟ್ಟಿದಾಗ ಇಳಿಹೊತ್ತು. ಅಣ್ಣ ಜಗುಲಿಯಲ್ಲೇ ಚೀಟಿ ಓದಿಸಿದ, ಬಿಲ್ಲೆಯನ್ನು ಉಗುರಿನಿಂದ ಕೆರೆದ. "ಇದಕ್ಕೆ ಅಷ್ಟು ದೂರ ಹೋಗಿದ್ದಾ? ರೋಮಂತೆ ರೋಮು!" ಎಂದು ಗುದ್ದಲಿ ಹಾರೆಗಳನ್ನು ತಾನೇ ಹೊತ್ತು ಕೊಟ್ಟಿಗೆಗೆ ಸೇರಿಸಿದ.

ಅಡುಗೆಮನೆಯಲ್ಲಿ ಶಾರದೆಗೆ ಎಲ್ಲವನ್ನೂ ಹೇಳಿದೆ. ಮೂಗು, ಮಣಿಪಟ್ಟಿ, ಈಟಿ, ಹುಣಸೆಹಣ್ಣು. ಅವಳು ಒಲೆಗೆ ಸೌದೆ ನೂಕುತ್ತ ಕೇಳಿಸಿಕೊಂಡಳು. ಆಮೇಲೆ ಎದ್ದು, ಗೂಡಿನಿಂದ ಮೆಂತ್ಯದ ಡಬ್ಬ ಇಳಿಸಿ, ಒಳಗೆ ಕೈಯಾಡಿಸಿ, ಏನನ್ನೋ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಉಗುರಿನಷ್ಟಗಲ, ಹಸಿರು.

"ಇದು ಯಾವಾಗ ಸಿಕ್ತು?"

"ಅವತ್ತೇ, ಅದರ ಜೊತೇಲೆ. ಒಂದಕ್ಕೇ ನಿಮ್ಮಣ್ಣ ಹಾರೆ ತಂದ್ರು. ಎರಡು ಅಂದಿದ್ರೆ ಮನೇನೇ ಉರುಳಿಸ್ತಿದ್ರು. ನೀವಂತೂ ಬಾಯಿ ಬಿಗಿಹಿಡಿಯೋರಲ್ಲ."

ಕಿಟಕಿಯಲ್ಲಿ ಇಳಿಬಿಸಿಲು ಇತ್ತು. ಓರೆಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಮೂಗು ಎದ್ದಿತು. ಗಲ್ಲ, ಮಣಿಪಟ್ಟಿ. ಹಿಂಬದಿಯಲ್ಲಿ ಮೂವರು. ಈ ಸಲ ಯಾರ ಚೀಟಿಯೂ ಬೇಕಾಗಿರಲಿಲ್ಲ. ಹೊರಗೆ ಅಣ್ಣ ಪಕ್ಕದ ಮನೆಯವರಿಗೆ ನನ್ನ ರೋಮಿನ ಕಥೆ ಹೇಳಿ ನಗುತ್ತಿದ್ದುದು ಕೇಳಿಸಿತು. ಎದ್ದುಹೋಗಿ ಅವನ ಮುಂದೆ ಹಿಡಿಯಬೇಕು ಎನ್ನಿಸಿತು, ಕಾಲೂ ಎತ್ತಿದೆ. ಶಾರದೆ ಕೈ ಚಾಚಿದಳು.

ಅವಳ ಕೈಗೆ ಹಾಕಿದೆ. ಮೆಂತ್ಯದೊಳಗೆ ಹುದುಗಿಸಿ ಅವಳು ಮುಚ್ಚಳ ಒತ್ತುತ್ತಿದ್ದಾಗ, ಅಕ್ಕನಿಗೆ ಹೇಳದೆಹೋಗಿದ್ದ ಮಾತನ್ನು ಹೇಳಿದೆ.

"ಇದನ್ನ ಮಾತ್ರ ತೊಳೀಬೇಡ ಕಣೇ."